ಬರಲಿ ಅಂತಲೋ, ಹೋಗಲಿ ಅಂತಲೋ?

ಜುಲೈ ತಿಂಗಳ ಭಾನುವಾರ ಬೆಳಗ್ಗೆ ನನಗೆ ಎರಡು ಫೋನ್ ತಪ್ಪುವುದಿಲ್ಲ. ಮೊದಲನೆಯದು ಅಮ್ಮನದು, ಬಾಳೆಹೊನ್ನೂರಿನ ಹತ್ತಿರ ಇರುವ ನಮ್ಮ ಊರಿನಿಂದ. ‘ಎಂತ ಮಳೆ ಮಾರಾಯ! ಸೂರ್ಯನ ಮುಖ ನೋಡಿ ಹದಿನೈದು ದಿನ ಆಯ್ತು. ಎರಡು ದಿನ ಹೊಳವು ಕೊಡಪ್ಪ ಅಂತ ದೇವರ ಹತ್ರ ಕೇಳ್ತಾ ಇದೀನಿ’ ಎನ್ನುತ್ತಾಳೆ. ಹೊಳವು ಅಂದರೆ ಮಳೆ ನಡುವೆ ಸ್ವಲ್ಪ ಉಸಿರು ಬಿಟ್ಟು, ಅಂಗಳದಲ್ಲಿ ಒಂದಿಷ್ಟು ಬೆಳಕು ಕಾಣುವುದು. ಮಳೆಗಾಲದಲ್ಲಿ ಬಿಸಿಲನ್ನೇ ಕೇಳುವಷ್ಟು ಧೈರ್ಯ ಮಲೆನಾಡಿನವರಿಗೆ ಇಲ್ಲ.

ಅರ್ಧ ಗಂಟೆಯೊಳಗೆ ಎರಡನೇ ಫೋನ್. ಮಲೇಬೆನ್ನೂರಿನ ಕಡೆಯಿಂದ ನಮ್ಮ ಅತ್ತೆ. ‘ಮಳಿ ಹೆಂಗೈತ್ರಿ ನಿಮ್ಮೂರಾಗ? ಜೋರೈತಾ? ಇನ್ನೊಂದೆಂಟು ದಿನ ಹಿಂಗಾ ಹೊಡದ್ರ ಡ್ಯಾಂ ತುಂಬತೈತಿ. ದೇವರಿಗೆ ಕಾಯಿ ಕಟ್ಟಿ ಬಂದೀನಿ.’

ಇಬ್ಬರೂ ದೈವಭಕ್ತರೇ. ಇಬ್ಬರೂ ಬೆಳಗ್ಗೆ ಸ್ನಾನ, ಪೂಜೆ ಮುಗಿಸಿಯೇ ಫೋನ್ ಹಿಡಿಯುವವರು. ಒಬ್ಬಳು ನನ್ನನ್ನು ಹೆತ್ತವಳು, ಇನ್ನೊಬ್ಬರು ನನ್ನ ಹೆಂಡತಿಯನ್ನು ಹೆತ್ತವರು. ಹಾಗಾಗಿ ಇಬ್ಬರಿಗೂ ನಾನು ‘ಹೌದೌದು, ಆಗುತ್ತೆ ಬಿಡಿ’ ಎನ್ನುತ್ತೇನೆ. ದೇವರೂ ಇದನ್ನೇ ಮಾಡುತ್ತಾನಾ ಅನ್ನುವ ಅನುಮಾನ ನನಗೆ ಬಂದದ್ದು ಹೀಗೆ.

ಅತ್ತೆ ತಮ್ಮ ಊರಿಗೆ ಮಳೆ ಬರಲಿ ಅಂತ ಬೇಡಿದ್ದರೆ ಯಾರಿಗೂ ತಕರಾರಿರಲಿಲ್ಲ. ಅವರು ಬೇಡುವುದು ನಮ್ಮ ಊರಿಗೆ ಮಳೆ ಬರಲಿ ಅಂತ. ಭದ್ರಾ ನದಿ ಕುದುರೆಮುಖದ ಕಡೆಯಿಂದ ಇಳಿದು, ಕಳಸ ದಾಟಿ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ನಾಲೆ ಹಿಡಿದು ದಾವಣಗೆರೆ ಕಡೆಯ ಗದ್ದೆಗಳಿಗೆ ಹೋಗುತ್ತದೆ. ಅಣೆಕಟ್ಟೆಯ ಪೂರ್ಣ ಮಟ್ಟ 186 ಅಡಿ. ನಮ್ಮ ಅತ್ತೆ ಪೇಪರಿನಲ್ಲಿ ಮೊದಲು ಓದುವುದು ಜಲಾಶಯದ ಮಟ್ಟ, ಆಮೇಲೆ ಒಳಹರಿವು, ಆಮೇಲೆ ಯಾರು ತೀರಿಹೋದರು ಅನ್ನುವುದು. ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ಟಿವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಅಯ್ಯೋ ಅನ್ನುತ್ತಾರೆ, ಅವರ ಮನೆಯಲ್ಲಿ ಪಾಯಸ ಆಗುತ್ತದೆ. ಸುಮ್ನೆ ಹೇಳುತ್ತಿಲ್ಲ, ಒಮ್ಮೆ ನಾನೇ ಉಂಡಿದ್ದೇನೆ. ಶಾವಿಗೆ ಪಾಯಸ.

ಅಮ್ಮನ ಕಷ್ಟವೂ ಸಣ್ಣದಲ್ಲ. ಬಿಡದೆ ಮಳೆ ಸುರಿದರೆ ಅಡಿಕೆಗೆ ಕೊಳೆ ಬರುತ್ತದೆ. ಎಳೆ ಕಾಯಿ ಬಣ್ಣಗೆಟ್ಟು ಮರದ ಬುಡಕ್ಕೆ ಉದುರುತ್ತದೆ. ಅದಕ್ಕೆ ಮದ್ದು ಬೋರ್ಡೋ ದ್ರಾವಣ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆಯಬೇಕು. ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಈ ಎರಡನೇ ಸಲದ್ದು ಸರಿಯಾಗಿ ಮಳೆಗಾಲದ ಹೊಟ್ಟೆಯೊಳಗೆ ಬಂದು ಕೂರುತ್ತದೆ. ಹೊಡೆದ ಔಷಧಿ ಅಡಿಕೆ ಗೊನೆಗೆ ಅಂಟಿ ಒಣಗಬೇಕಾದರೆ ಕೆಲವು ಗಂಟೆಯಾದರೂ ಮಳೆ ಸುಮ್ಮನಿರಬೇಕು. ಒದ್ದೆ ಮರ ಜಾರುತ್ತದೆ, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಹತ್ತುವುದಿಲ್ಲ. ಅವನು ಬರುವ ದಿನ ಮಳೆ, ಮಳೆ ಇಲ್ಲದ ದಿನ ಅವನು ಇನ್ನೊಬ್ಬರ ತೋಟದಲ್ಲಿ. ಹೀಗಾಗಿ ಅಮ್ಮನ ಪ್ರಾರ್ಥನೆಯಲ್ಲಿ ದೇವರು ಮತ್ತು ಕೊನೆಗೌಡ ಇಬ್ಬರೂ ಒಂದೇ ದಿನ ಒಪ್ಪಬೇಕು.

ಹಾಗಂತ ಅಮ್ಮ ಮಳೆಯ ವಿರೋಧಿ ಅಲ್ಲ. ಮಾರ್ಚ್ ಬಂದರೆ ಕಾಫಿಗೆ ಹೂಮಳೆ ಬೇಕು, ದೀಪ ಹಚ್ಚಿ ಕೇಳುತ್ತಾಳೆ. ಜೂನ್‌ನಲ್ಲಿ ಹದವಾಗಿ ಬೇಕು. ಜುಲೈನಲ್ಲಿ ಬೇಡ. ಅಕ್ಟೋಬರಿನಲ್ಲಿ ಬೇಡವೇ ಬೇಡ, ಆಗ ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಒಣಗುತ್ತಿರುತ್ತದೆ. ಆದರೆ ಅದೇ ಅಕ್ಟೋಬರಿನಲ್ಲಿ ಬರುವುದು ಚಿತ್ತೆ ಮಳೆ. ‘ಕುರುಡು ಚಿತ್ತೆ, ಎರಚಿದತ್ತ ಬೆಳೆ’ ಅಂತ ಬಯಲುಸೀಮೆಯವರು ಅದನ್ನು ಕೊಂಡಾಡುತ್ತಾರೆ. ಕುರುಡು ಅನ್ನುವ ಮಾತಿಗೆ ಮಾತ್ರ ಅಮ್ಮನ ಒಪ್ಪಿಗೆ ಇದೆ. ದೇವರ ಕಚೇರಿಯಲ್ಲಿ ಅಮ್ಮನ ಒಬ್ಬಳದೇ ಫೈಲು ಎಷ್ಟು ದಪ್ಪ ಇರಬಹುದು! ಅದರಲ್ಲಿ ಅವಳದೇ ಅರ್ಜಿಗೆ ಅವಳದೇ ತಕರಾರು.

ನಮ್ಮ ಕಡೆ ಇಂಥ ಅರ್ಜಿಗಳಿಗೆ ಒಂದು ಜಾಗ ಇದೆ. ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗಾ. ಅಲ್ಲಿ ಋಷ್ಯಶೃಂಗೇಶ್ವರನ ದೇವಸ್ಥಾನ. ಮಳೆ ಬಾರದಿದ್ದರೆ ಜನ ಅಲ್ಲಿಗೇ ಹೋಗುತ್ತಾರೆ. ಮಳೆ ಜಾಸ್ತಿಯಾದರೂ ಅಲ್ಲಿಗೇ ಹೋಗುತ್ತಾರೆ. ನಲ್ಲಿ ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಂದೇ ತಿರುಪು ಅಲ್ವಾ, ಹಾಗೆ.

ಋಷ್ಯಶೃಂಗನ ಕಥೆ ನೆನೆದರೆ ನನಗೆ ಪಾಪ ಅನ್ನಿಸುತ್ತದೆ. ಅವನು ಮಳೆ ತರಬೇಕೆಂದು ಹೊರಟವನೇ ಅಲ್ಲ. ಅಪ್ಪ ವಿಭಾಂಡಕನ ಆಶ್ರಮದಲ್ಲಿ ಹೊರಗಿನ ಲೋಕ ಕಾಣದೆ, ಹೆಣ್ಣೆಂದರೆ ಏನೆಂದು ಗೊತ್ತಿಲ್ಲದೆ ಬೆಳೆದ ಹುಡುಗ. ಅಂಗದೇಶದಲ್ಲಿ ಬರ ಬಂದಾಗ ರಾಜ ರೋಮಪಾದನ ಕಡೆಯವರು ಅವನನ್ನು ಮರುಳು ಮಾಡಿ ಕರೆದೊಯ್ದರು. ಅವನು ಆ ನೆಲದಲ್ಲಿ ಕಾಲಿಟ್ಟ, ಮಳೆ ಸುರಿಯಿತು. ಬರ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಬೇಡಿಕೊಂಡಿರಲೂ ಇಲ್ಲ. ಇತ್ತ ಆಶ್ರಮದಲ್ಲಿ ಮಗ ಎಲ್ಲಿ ಎಂದು ಅಪ್ಪ ಹುಡುಕುತ್ತಿದ್ದ. ಅಂಥವನ ಮುಂದೆ ನಾವೀಗ ಯಾವ ವಾರ ಎಷ್ಟು ಮಳೆ ಅಂತ ಲೆಕ್ಕ ಒಪ್ಪಿಸುತ್ತೇವೆ.

2019ರ ನೆನಪು ನಿಮಗೂ ಇರಬಹುದು. ಮಳೆ ತಡವಾಯಿತು ಅಂತ ಮುಜರಾಯಿ ಇಲಾಖೆ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡಿಸಲು ಆದೇಶ ಹೊರಡಿಸಿತು. ಪೂಜೆಯ ದಿನ ಜೂನ್ 6. ಖರ್ಚಿಗೆ 10,001 ರೂಪಾಯಿಯ ಮಿತಿ. ಆ ಒಂದು ರೂಪಾಯಿ ನೋಡಿ, ಸರ್ಕಾರಕ್ಕೂ ಮುಯ್ಯಿ ಕೊಡುವ ಪದ್ಧತಿ ಗೊತ್ತು. ಸಚಿವರೇ ಕಿಗ್ಗಾಕ್ಕೆ ಬಂದು ಪೂಜೆ ಮಾಡಿಸಿದರು. ಆಗಸ್ಟಿನಲ್ಲಿ ಮಳೆ ಬಂತು. ಬೆಳಗಾವಿ ಕಡೆ ಊರುಗಳಿಗೆ ನೀರು ನುಗ್ಗಿತು, ನಮ್ಮ ಪಕ್ಕದ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿದವು. ಸಂಕಲ್ಪದಲ್ಲಿ ಅಳತೆ ಹೇಳಲು ಯಾರೋ ಮರೆತಿರಬೇಕು ಅಂತ ದೊಡ್ಡಪ್ಪ ಗೊಣಗಿದರು. ಆಗ ಯಾರಿಗೂ ನಗು ಬರಲಿಲ್ಲ.

ಮಳೆಯಾದರೂ ಪರವಾಗಿಲ್ಲ, ಅಲ್ಲಿಷ್ಟು ಇಲ್ಲಿಷ್ಟು ಹಂಚಬಹುದು. ಕ್ರಿಕೆಟ್ ಪಂದ್ಯ ಹಂಚಲು ಬರುವುದಿಲ್ಲ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಾಗ ನಮ್ಮ ಬೀದಿಯಲ್ಲಿ ಪಟಾಕಿಯೋ ಪಟಾಕಿ. ಹದಿನೆಂಟು ವರ್ಷದ ಪ್ರಾರ್ಥನೆ ಫಲಿಸಿತು ಅಂತ ಎದುರು ಮನೆಯವರು ಕಣ್ಣೀರು ಒರೆಸಿಕೊಂಡರು. ನಾನೂ ಕುಣಿದೆ. ಮಲಗುವಾಗ ಹೊಳೆಯಿತು: ಸೋತ ಪಂಜಾಬಿನವರೂ ಹದಿನೆಂಟು ವರ್ಷದಿಂದ ಒಂದು ಕಪ್ಪೂ ಕಾಣದವರೇ. ಅವರ ಮನೆಗಳಲ್ಲೂ ದೀಪ ಹಚ್ಚಿರುತ್ತಾರೆ. ಅಂತರ 6 ರನ್. ಆ ಆರು ರನ್ನಿನಷ್ಟು ಭಕ್ತಿ ಕಡಿಮೆ ಬಿದ್ದದ್ದು ಎಲ್ಲಿ, ಲುಧಿಯಾನದಲ್ಲೋ ಜಲಂಧರದಲ್ಲೋ?

ರಾಜಕೀಯದವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಮುಳಬಾಗಿಲಿನ ಹತ್ತಿರದ ಕುರುಡುಮಲೆ ಗಣಪತಿಗೆ ಪೂಜೆ ಮಾಡಿ ಪ್ರಚಾರ ಶುರು ಮಾಡಿದರೆ ಗೆಲುವು ಅಂತ ಒಂದು ನಂಬಿಕೆ. 2023ರ ಚುನಾವಣೆಗೆ ಮೊದಲು ಜೆಡಿಎಸ್‌ನವರೂ ಅಲ್ಲಿ ಕೈ ಮುಗಿದರು, ಕಾಂಗ್ರೆಸ್‌ನವರೂ ಮುಗಿದರು. ಕೊನೆಗೆ ಒಬ್ಬರಿಗೆ 135, ಇನ್ನೊಬ್ಬರಿಗೆ 19. ಗೆದ್ದವರು ಗಣಪತಿಯ ಕೃಪೆ ಎಂದರು. ಸೋತವರು ಗಣಪತಿಯ ಮೇಲೆ ಕೋಪ ಮಾಡಿಕೊಂಡ ಸುದ್ದಿ ಎಲ್ಲೂ ಬರಲಿಲ್ಲ. ನನಗೆ ಅದು ಗೆಲುವಿಗಿಂತ ದೊಡ್ಡ ಪವಾಡವಾಗಿ ಕಾಣುತ್ತದೆ.

ಅಣ್ಣನ ಮಗ ಎಲ್ಲಕ್ಕೂ ಅಂಕಿ ಅಂಶ ಕೇಳುವ ಪೈಕಿ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವನ ಬಾಯಲ್ಲೇ ಇದೆ. ಹೃದಯದ ಬೈಪಾಸ್ ಆದ 1,802 ಜನರನ್ನು ಮೂರು ಗುಂಪು ಮಾಡಿ, ಎರಡು ಗುಂಪಿಗೆ ಬೇರೆಯವರಿಂದ ಪ್ರಾರ್ಥನೆ ಮಾಡಿಸಿದರಂತೆ. ಪ್ರಾರ್ಥನೆ ಇದೆಯೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಅಂತ ಹೇಳಿಸಿಕೊಂಡವರಲ್ಲಿ 100ಕ್ಕೆ 59 ಜನರಿಗೆ ತೊಂದರೆ ಕಾಣಿಸಿತು, ಉಳಿದವರಿಗಿಂತ ಜಾಸ್ತಿ. ಇದನ್ನು ಅವನು ಅಮ್ಮನಿಗೆ ಓದಿ ಹೇಳಿದ. ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, ‘ಡಾಕ್ಟರು ಬಂದು ನಿನಗೋಸ್ಕರ ದೇವರಿಗೆ ಬೇಡ್ತಾ ಇದೀವಿ ಅಂದ್ರೆ ಯಾರಿಗಾದರೂ ಎದೆ ಧಸಕ್ ಅನ್ನಲ್ವೇನೋ?’ ಎಂದಳು. ಅವನು ಮುಂದೆ ಓದಲಿಲ್ಲ.

ನನಗೆ ಹೊಳೆದದ್ದು ಬೇರೆ. ಆ ರೋಗಿಗಳಿಗೆ ಕಾಯಿಲೆ ಹೆಚ್ಚಾಗಲಿ ಅಂತ ಎದುರು ಪ್ರಾರ್ಥನೆ ಮಾಡುವ ಗುಂಪು ಇರಲಿಲ್ಲವಲ್ಲ. ನಮ್ಮ ಮಳೆಗೆ ಇದೆ. ಅದೂ ನೆಂಟರ ಪೈಕಿಯೇ.

ಮದುವೆಯಾದ ಮೊದಲ ವರ್ಷಗಳಲ್ಲಿ ಇದು ತಮಾಷೆಯಾಗಿತ್ತು. ‘ನಿಮ್ಮ ಬೀಗರ ಪ್ರಾರ್ಥನೆ ಗಟ್ಟಿ’ ಅಂತ ಅಪ್ಪ ರೇಗಿಸುತ್ತಿದ್ದರು. ಅತ್ತೆಯ ಊರಿನ ಹತ್ತಿರವೇ ಹರಿಹರ ಇದೆ. ಅಲ್ಲಿಯ ದೇವರು ಅರ್ಧ ಹರಿ, ಅರ್ಧ ಹರ. ‘ಅವರ ದೇವರಿಗೆ ಎರಡು ಕಡೆಯ ಮಾತೂ ಅರ್ಥ ಆಗುತ್ತೆ, ಸ್ವಲ್ಪ ನಮ್ಮ ಪರವಾಗಿಯೂ ಹೇಳಲಿಕ್ಕೆ ಹೇಳು’ ಅಂತ ಅಮ್ಮ ನನ್ನ ಹೆಂಡತಿಗೆ ಹೇಳುವುದಿತ್ತು. ನನ್ನ ಹೆಂಡತಿ ಬುದ್ಧಿವಂತೆ. ಮಳೆಯ ವಿಷಯದಲ್ಲಿ ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

2023ರಲ್ಲಿ ತಮಾಷೆ ನಿಂತಿತು. ಆ ವರ್ಷ ಮಳೆ ಕೈ ಕೊಟ್ಟಿತು. ನಮ್ಮ ತೋಟಕ್ಕೆ ಕೊಳೆ ಬರಲಿಲ್ಲ. ಬೇಕಾದ ದಿನವೆಲ್ಲ ಹೊಳವು. ಕೊನೆಗೌಡ ಹೇಳಿದ ದಿನವೇ ಬಂದ. ಅಮ್ಮ ಕೇಳಿದ್ದೆಲ್ಲ ಸಿಕ್ಕಿದ ವರ್ಷ ಅದು. ಅತ್ತ ಡ್ಯಾಂ ತುಂಬಲಿಲ್ಲ. ನಾಲೆಗೆ ನೀರು ನಿಲ್ಲಿಸಿದಾಗ ಸೆಪ್ಟೆಂಬರಿನಲ್ಲಿ ದಾವಣಗೆರೆಯ ರೈತರು ರಸ್ತೆಗೆ ಇಳಿದರು. ಮಾವ ಕೊನೆ ಭಾಗದ ಅಚ್ಚುಕಟ್ಟಿನವರು, ನೀರು ಬಿಟ್ಟರೂ ಅವರ ಗದ್ದೆಗೆ ಕೊನೆಗೇ ತಲುಪುವುದು. ಅತ್ತೆ ಭಾನುವಾರದ ಫೋನ್ ನಿಲ್ಲಿಸಲಿಲ್ಲ. ಆದರೆ ಮಳೆ ಹೆಂಗೈತಿ ಅಂತ ಕೇಳುವುದನ್ನು ನಿಲ್ಲಿಸಿದರು. ಮಗು ಊಟ ಮಾಡುತ್ತಾ, ಚಳಿ ಐತಾ, ಇಷ್ಟೇ.

ಇದು ಅಮ್ಮನಿಗೆ ಚುಚ್ಚಿತು. ತಾನು ಬೇಡಿದ್ದಕ್ಕೇ ಅಲ್ಲಿ ನೀರು ನಿಂತಿತು ಅನ್ನುವಷ್ಟು ಅವಳು ಮುಗ್ಧಳಲ್ಲ. ಆದರೆ ಪೂರ್ತಿ ಹಾಗಲ್ಲ ಅಂತಲೂ ಅವಳಿಗೆ ಧೈರ್ಯ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮ ಮನೆ ಹಿಂದಿನ ಹಳ್ಳವೂ ಬತ್ತಿ, ತೋಟಕ್ಕೆ ನೀರು ಸಾಲದೆ ಹೋದಾಗ, ‘ಅನುಭವಿಸಿ’ ಅಂತ ಯಾರಿಗೂ ಅಲ್ಲದೆ ಹೇಳಿಕೊಂಡಳು. ಆಮೇಲೆ ಅವಳ ಪ್ರಾರ್ಥನೆಗೆ ಷರತ್ತುಗಳು ಸೇರತೊಡಗಿದವು. ಹಗಲು ಬಿಟ್ಟು ರಾತ್ರಿ ಸುರಿಯಲಿ. ಘಟ್ಟದ ಮೇಲೆ ಹೊಡೆಯಲಿ, ತೋಟದ ಮೇಲೆ ಹನಿಯಲಿ. ಡ್ಯಾಂ ತುಂಬುವಷ್ಟು ಬರಲಿ, ಕೊಳೆ ಹಿಡಿಯದಷ್ಟು ಬರಲಿ. ದೇವರ ಕೋಣೆಯ ಹೊರಗೆ ನಿಂತು ಕೇಳಿದರೆ ಬ್ಯಾಂಕಿನ ಸಾಲದ ಪತ್ರ ಓದಿದ ಹಾಗೆ ಇರುತ್ತಿತ್ತು.

2024ರ ಜುಲೈ ಮೊದಲ ವಾರ ಅತ್ತೆ ನಮ್ಮ ಊರಿಗೆ ಬಂದರು. ಮಳೆ ಚೆನ್ನಾಗಿಯೇ ಹಿಡಿದಿತ್ತು. ಕಿಗ್ಗಾ ನೋಡಿಲ್ಲ ಎಂದರು. ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ನಾನೇ ಹೊರಟೆ. ದಾರಿಯುದ್ದಕ್ಕೂ ವೈಪರ್ ಟಕ್ ಟಕ್ ಎನ್ನುತ್ತಿತ್ತು. ಅಮ್ಮ ಒಂದು ಕಿಟಕಿಯಲ್ಲಿ ತೋಟಗಳನ್ನು ನೋಡುತ್ತಿದ್ದಳು. ಅತ್ತೆ ಇನ್ನೊಂದು ಕಿಟಕಿಯಲ್ಲಿ ಹಳ್ಳಗಳನ್ನು ನೋಡುತ್ತಿದ್ದರು.

ದೇವಸ್ಥಾನದಲ್ಲಿ ಹಣ್ಣುಕಾಯಿ ಕೊಟ್ಟೆವು. ಭಟ್ಟರು ಹೆಸರು, ನಕ್ಷತ್ರ ಕೇಳಿಕೊಂಡು, ‘ಮಳೆ ಬಗ್ಗೆಯೋ? ಬರಲಿ ಅಂತಲೋ, ಹೋಗಲಿ ಅಂತಲೋ?’ ಎಂದರು. ಹೋಟೆಲಿನಲ್ಲಿ ಸಾಂಬಾರ್ ಬೇರೆ ಬೇಕಾ ಎಂದು ಕೇಳಿದಷ್ಟು ಸಲೀಸಾಗಿ ಕೇಳಿದರು.

ಇಬ್ಬರೂ ಮುಖ ಮುಖ ನೋಡಿಕೊಂಡರು.

‘ಅವರು ಹೇಳಲಿ. ನೆಂಟರು, ದೂರದಿಂದ ಬಂದವರು’ ಎಂದಳು ಅಮ್ಮ.

‘ಬ್ಯಾಡ್ರಿ ಬೀಗರ. ನಿಮ್ಮೂರು, ನಿಮ್ಮ ದೇವರು. ನೀವಾ ಹೇಳ್ರಿ.’

‘ಅಯ್ಯೋ, ಹೇಳಿ ನೀವು.’

ಪಂಕ್ತಿಯಲ್ಲಿ ಕೊನೆಯ ಹೋಳಿಗೆಗೆ ನಡೆಯುವ ಉಪಚಾರದ ಥರ ಇದು ನಡೆಯಿತು. ಹಿಂದೆ ನಿಂತವರು ಒದ್ದೆ ಕೊಡೆ ಕೊಡವುತ್ತಿದ್ದರು. ಕೊನೆಗೆ ಅಮ್ಮ, ‘ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ ಅಂತ ಮಾಡಿಬಿಡಿ’ ಎಂದಳು. ಭಟ್ಟರು ತಲೆಯಾಡಿಸಿ ಒಳಗೆ ಹೋದರು. ಇಬ್ಬರೂ ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಏನು ಅಂತ ನಾನು ಕೇಳಲು ಹೋಗಲಿಲ್ಲ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಮಳೆ ಜೋರಾಯಿತು. ಒಂದೇ ಕೊಡೆಯಡಿ ಇಬ್ಬರೂ ನಿಂತರು. ಅತ್ತೆ ಸ್ವಲ್ಪ ಹೊತ್ತು ಆಕಾಶ ನೋಡಿ ಕೇಳಿದರು: ‘ಬೀಗರ, ಆ ಔಷಧಿ ಹೊಡಿಯಾಕ ಎಷ್ಟು ದಿನ ಬೇಕಾಗ್ತತಿ?’

‘ಎರಡು ದಿನ ಹೊಳವು ಸಿಕ್ಕಿದ್ರೆ ಸಾಕು.’

‘ಹಂಗಾದ್ರ ನಾಡಿದ್ದಿನ ತನಕ ನಾ ಬೇಡೂದಿಲ್ಲ ಬಿಡ್ರಿ.’

ಅಮ್ಮ ಯೋಚಿಸಿ ಹೇಳಿದಳು: ‘ನಾಲ್ಕು ದಿನ ಮಾಡ್ಕೊಳಿ. ಕೊನೆಗೌಡ ಹೇಳಿದ ದಿನ ಬರೋನಲ್ಲ.’