ಕಂಠಕ್ಕೂ ಒಂದು ಪಹಣಿ

ರಾಕ್ ಸಂಗೀತದಲ್ಲಿ ಎಲ್ಲರಿಗಿಂತ ದೊಡ್ಡ ಗಾಯಕ ಯಾರು? ಹಾಡು ಕೇಳಿ ಉತ್ತರ ಹೇಳುವ ಕಾಲ ಹೋಯಿತು. ಈಗ ಸರ್ವೆಯವರನ್ನೇ ಕರೆಸಬೇಕು. ಗಾಯಕನ ತೀರಾ ಕೆಳಗಿನ ಸ್ವರಕ್ಕೊಂದು ಕಲ್ಲು, ತೀರಾ ಮೇಲಿನ ಸ್ವರಕ್ಕೊಂದು ಕಲ್ಲು. ನಡುವೆ ಸರಪಳಿ ಎಳೆದು ಅಳೆಯುವುದು. ಜಮೀನಿಗೆ ಎಕರೆ ಇದ್ದ ಹಾಗೆ ಇಲ್ಲಿ ಆಕ್ಟೇವ್, ಅಂದರೆ ನಮ್ಮ ಸ್ಥಾಯಿ. ನಮ್ಮ ಸಂಗೀತದ ಮೇಷ್ಟ್ರು ಮಂದ್ರ, ಮಧ್ಯ, ತಾರ ಅಂತ ಮೂರಕ್ಕೇ ತೃಪ್ತರಾಗಿದ್ದರು. ಪಾಪ, ಸಣ್ಣ ಹಿಡುವಳಿದಾರರು.

2014ರಲ್ಲಿ ಇಂಥದ್ದೊಂದು ಸರ್ವೆ ನಡೆಯಿತು. ಮಾಡಿದ್ದು ಸಂಗೀತ ಕಾಲೇಜಲ್ಲ, ಕಾನ್ಸರ್ಟ್‌ಗೆ ಹೋಗುವವರಿಗೆ ಹೋಟೆಲ್ ರೂಮು ಹುಡುಕಿಕೊಡುವ ವೆಬ್‌ಸೈಟು. ಗನ್ಸ್ ಎನ್ ರೋಸಸ್ ತಂಡದ ಆಕ್ಸಲ್ ರೋಸ್ ಐದು ಆಕ್ಟೇವ್ ಚಿಲ್ಲರೆ ಆಸ್ತಿಯೊಂದಿಗೆ ಮೊದಲು ಬಂದ. ಸ್ವಲ್ಪ ದಿನಕ್ಕೇ ತಕರಾರು ಅರ್ಜಿ ಬಿತ್ತು: ಫೇತ್ ನೋ ಮೋರ್ ತಂಡದ ಮೈಕ್ ಪ್ಯಾಟನ್‌ನನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಅವನದು ಆರು!

ಅಷ್ಟು ಜಮೀನು ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ. ಗಂಟಲೊಳಗಿನ ಗೊರಗೊರ, ಬಾಲ ತುಳಿಸಿಕೊಂಡ ಬೆಕ್ಕಿನ ಕೀರಲು, ಎಲ್ಲವೂ ಅಳತೆಗೆ ಸೇರುತ್ತದೆ. ನಮ್ಮ ಕಡೆ ಇದಕ್ಕೆ ಖರಾಬು ಅನ್ನುತ್ತಾರೆ, ಪಹಣಿಯಲ್ಲಿ ಬೇರೆ ಕಾಲಂನಲ್ಲಿ ಬರೆಯುತ್ತಾರೆ. ಇನ್ನು ಫಾಲ್ಸೆಟೊ, ಅಂದರೆ ಕಳ್ಳದನಿ, ಶುದ್ಧ ಬಗರ್ ಹುಕುಂ. ಅಭಿಮಾನಿಗಳು ಅದನ್ನೂ ಸಕ್ರಮ ಮಾಡಿಸಿಬಿಟ್ಟಿದ್ದಾರೆ.

ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿಯದು ನಾಲ್ಕು ಆಕ್ಟೇವ್ ಅನ್ನುವುದು ಹಳೇ ನಂಬಿಕೆ. ಅವನು ಓದಿದ್ದು ಪಂಚಗಣಿಯಲ್ಲಿ, ಹಾಗಾಗಿ ನಮ್ಮ ದೇಶದ ಅಭಿಮಾನಿಗಳು 'ನಮ್ಮ ಹುಡುಗ' ಅಂತ ಇನ್ನರ್ಧ ಸೇರಿಸುತ್ತಾರೆ. 2016ರಲ್ಲಿ ಯುರೋಪಿನ ಧ್ವನಿ ವಿಜ್ಞಾನಿಗಳು ಕೂತು ಅವನ ರೆಕಾರ್ಡಿಂಗ್‌ಗಳನ್ನು ಅಳೆದರು. ಅವನಂತೆ ಹಾಡಬಲ್ಲ ಒಬ್ಬನ ಗಂಟಲಿಗೆ ಕ್ಯಾಮೆರಾ ಕೂಡ ಇಳಿಸಿದರು. ನಾಲ್ಕು ಆಕ್ಟೇವ್‌ಗೆ ದಾಖಲೆ ಸಿಗಲಿಲ್ಲ. ಮಾತಿನ ದನಿ ನೋಡಿದರೆ ಆಸಾಮಿ ಬ್ಯಾರಿಟೋನ್, ಅಂದರೆ ನಡುಮಟ್ಟದ ಗಂಡುದನಿ. ಹಾಡಿದ್ದು ಮಾತ್ರ ಟೆನರ್‌ನಂತೆ, ಅಂದರೆ ಎತ್ತರದ ಗಂಡುದನಿಯಲ್ಲಿ. ಜಗತ್ತೇ ಅವನ ಹಾಡಿಗೆ ಕಣ್ಣೀರಿಟ್ಟಿದೆ, ನಿಜ. ಆದರೆ ಕಾಗದ ಪತ್ರ ಸರಿಯಿಲ್ಲ ನೋಡಿ.

2008ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ನೂರು ಗಾಯಕರ ಪಟ್ಟಿ ಮಾಡಿದಾಗ ಬಾಬ್ ಡಿಲನ್‌ಗೆ ಏಳನೇ ಜಾಗ, ಫ್ರೆಡ್ಡಿಗೆ ಹದಿನೆಂಟು. ಡಿಲನ್ ಮೂಗಿನಲ್ಲಿ ಹಾಡುವವನು, ಅಲ್ಲೇ ಸೈಟು ಮಾಡಿಕೊಂಡವನು. ಸರ್ವೆ ಪಕ್ಷದವರಿಗೆ ಹೊಟ್ಟೆ ಉರಿಯದೆ ಇರುತ್ತದಾ?

ಆದರೆ ಇವರೆಲ್ಲ ಅಮೆರಿಕದ ಟಿಮ್ ಸ್ಟಾರ್ಮ್ಸ್ ಎದುರು ಬಡವರು. ಅವನು ರಾಕ್ ಗಾಯಕನೇನಲ್ಲ, ಇರಲಿ. 2012ರಲ್ಲಿ 0.189 ಹರ್ಟ್ಸ್‌ನ ಸ್ವರ ಹಾಡಿ ಗಿನ್ನೆಸ್ ದಾಖಲೆ ಮಾಡಿದ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ. ಪಿಯಾನೋದ ತೀರಾ ಕೆಳಗಿನ 'ಜಿ' ಸ್ವರಕ್ಕಿಂತ ಎಂಟು ಆಕ್ಟೇವ್ ಕೆಳಗೆ! ಒಂದು ಸಲ ಕಂಪಿಸಲು ಐದು ಸೆಕೆಂಡಿಗೂ ಜಾಸ್ತಿ ಬೇಕು. ಮನುಷ್ಯರ ಕಿವಿಗೆ 20 ಹರ್ಟ್ಸ್‌ಗಿಂತ ಕೆಳಗಿನದು ಕೇಳಿಸುವುದೇ ಇಲ್ಲ. ಅಂದರೆ ಯಾರಿಗೂ ಕೇಳಿಸದ ಹಾಡಿಗೆ ವಿಶ್ವದಾಖಲೆ.

ನನಗೂ ಧೈರ್ಯ ಬಂದಿದೆ. ನಿನ್ನೆ ಬಚ್ಚಲುಮನೆಯಲ್ಲಿ ಅದಕ್ಕಿಂತ ಒಂದು ಸ್ವರ ಕೆಳಗೆ ಹಾಡಿದ್ದೇನೆ. ಸಾಕ್ಷಿಗೆ ಹೆಂಡತಿ ಇದ್ದಾಳೆ. ಅವಳಿಗೆ ಏನೂ ಕೇಳಿಸಿಲ್ಲವಂತೆ.