ಪ್ಯಾರಿಸ್‌ನಲ್ಲಿ ಸೋರಾ ಮಾಡಿದ್ದು ಸರಿ

ಮಗಳ ಜೊತೆ ಕೂತು 'ಕೆಲೈಡೋ ಸ್ಟಾರ್' ಅನ್ನೋ ಅನಿಮೆಯ (ಜಪಾನಿ ಕಾರ್ಟೂನ್ ಸರಣಿ) 51 ಕಂತುಗಳನ್ನೂ ನೋಡಿ ಮುಗಿಸಿದೆ. ಜಪಾನಿನ ಟೀವಿಯಲ್ಲಿ 2003ರ ಏಪ್ರಿಲ್‌ನಲ್ಲಿ ಶುರುವಾಗಿ ಮರುವರ್ಷ ಮಾರ್ಚ್‌ನಲ್ಲಿ ಮುಗಿದ ಸರಣಿ ಇದು. ಇಷ್ಟು ವರ್ಷ ಇದನ್ನು ನೋಡದೇ ಇದ್ದೆನಲ್ಲ ಅನ್ನಿಸಿತು.

ಜಪಾನಿನ ಹುಡುಗಿ ಸೋರಾ ನಾಯೆಗಿನೋ ಕ್ಯಾಲಿಫೋರ್ನಿಯಾಕ್ಕೆ ಬರುತ್ತಾಳೆ. ಅಲ್ಲಿನ ಕೆಲೈಡೋ ಸ್ಟೇಜ್‌ನಲ್ಲಿ ಸರ್ಕಸ್, ನಾಟಕ, ಸಂಗೀತ ಎಲ್ಲವೂ ಬೆರೆತಿರುತ್ತೆ. ಸಣ್ಣವಳಿದ್ದಾಗ ಅಪ್ಪ ಅಮ್ಮ ಅವಳನ್ನು ಆ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಈಗ ಅವರಿಬ್ಬರೂ ಇಲ್ಲ. ಹೊಸ ಕಲಾವಿದರ ಆಯ್ಕೆ ಪರೀಕ್ಷೆಗೆ ಹೊತ್ತಿಗೆ ಸರಿಯಾಗಿ ತಲುಪದ ಅವಳನ್ನು ಅಲ್ಲಿನ ತಾರೆ ಲೈಲಾ ಹ್ಯಾಮಿಲ್ಟನ್ ಬಾಗಿಲಿನಿಂದಲೇ ವಾಪಸ್ ಕಳಿಸಲು ನೋಡುತ್ತಾಳೆ. ಮಾಲೀಕ ಕಾಲೋಸ್ ಸೇರಿಸಿಕೊಳ್ಳುತ್ತಾನೆ. ಹಿಂಬಾಗಿಲಿನಿಂದ ಬಂದವಳು ಅಂತ ಜೊತೆಯವರು ಮುಖ ತಿರುಗಿಸುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಲೈಲಾ. ಎದುರಾಳಿ ಅಂದ್ರೆ ಕೆಟ್ಟವಳು ಅಂತ ತೋರಿಸಿಬಿಡುವುದು ಸುಲಭ. ಇಲ್ಲಿ ಹಾಗಿಲ್ಲ. ಲೈಲಾ ಕಟುವಾಗಿ ಮಾತಾಡುತ್ತಾಳೆ, ನಿಜ. ಆದರೆ ಬೇರೆಯವರಿಗೆ ಹೇಳಿದ್ದಕ್ಕಿಂತ ಜಾಸ್ತಿ ತಾನೇ ಬೆವರು ಸುರಿಸುತ್ತಾಳೆ. ಒಂದೇ ಒಂದು ಸಲವೂ ಸೋರಾಳ ಕಾಲೆಳೆಯುವುದಿಲ್ಲ. 26ನೇ ಕಂತಿಗೆ ಬರುವಷ್ಟರಲ್ಲಿ ಇಬ್ಬರೂ ಜೋಡಿಯಾಗಿ, ಪ್ರಾಣವೇ ಹೋಗಬಹುದಾದ ಒಂದು ಮಹಾ ಸಾಹಸಕ್ಕೆ ಇಳಿಯುತ್ತಾರೆ. ಲೈಲಾಳ ಭುಜಕ್ಕೆ ಆಗಲೇ ಪೆಟ್ಟಾಗಿದೆ. ಅದನ್ನು ಮುಚ್ಚಿಟ್ಟುಕೊಂಡೇ ಅವಳು ಉಯ್ಯಾಲೆ ಹಿಡಿಯುತ್ತಾಳೆ. ಸಾಹಸ ಗೆಲ್ಲುತ್ತೆ, ಭುಜ ಸೋಲುತ್ತೆ. ಆ ರಂಗವನ್ನು ಸೋರಾಳ ಕೈಗೆ ಕೊಟ್ಟು ಅವಳು ಹೊರಡುವಾಗ ನಾನೂ ಮಗಳೂ ಮಾತೇ ಆಡಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು, ಎರಡನೇ ಭಾಗ ಅಷ್ಟಕ್ಕಷ್ಟೇ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ನಿಜವಾದ ಪ್ರಶ್ನೆ ಬರುವುದೇ ಅಲ್ಲಿ. ಚೀನಾದಿಂದ ಬಂದ ಮೇ ವಾಂಗ್‌ಗೆ ಲೈಲಾ ಬಿಟ್ಟುಹೋದ ಜಾಗ ಬೇಕು, ಸೋರಾ ಅಡ್ಡ. ಆಮೇಲೆ ಪ್ಯಾರಿಸ್‌ನ ಸರ್ಕಸ್ ಉತ್ಸವ. ಅಲ್ಲಿ ಗೆಲ್ಲೋದಕ್ಕಾಗಿ ಕಲಾವಿದರು ಒಬ್ಬರನ್ನೊಬ್ಬರು ಬೀಳಿಸಲು ನೋಡುವುದನ್ನು ಸೋರಾ ಕಣ್ಣಾರೆ ಕಾಣುತ್ತಾಳೆ. ನಡುವೆಯೇ ಸ್ಪರ್ಧೆ ಬಿಟ್ಟು ಬರುತ್ತಾಳೆ.

"ಅಮ್ಮಾ, ಅವಳು ಯಾಕೆ ಓಡಿಹೋದ್ಲು?" ಅಂದಳು ಮಗಳು.

ಓಡಿಹೋಗಿದ್ದಲ್ಲ ಪುಟ್ಟಿ ಅಂದೆ. ಆಗ ಸರಿಯಾಗಿ ಬಿಡಿಸಿ ಹೇಳಲು ಬರಲಿಲ್ಲ. ಈಗ ಹೇಳುತ್ತೇನೆ. ಸೋರಾಗೆ ಬೇಕಿದ್ದದ್ದು ಜಗಳವಿಲ್ಲದ ರಂಗ. ನೋಡಲು ಬಂದ ಮಕ್ಕಳು ನಗುತ್ತಾ ಮನೆಗೆ ಹೋಗಬೇಕು, ಅಷ್ಟೇ. ಗಾಳಿಯಲ್ಲಿ ತೇಲುವ ಒಬ್ಬಳಿಗೆ ಎದುರಿನಿಂದ ಬರುವ ಕೈ ತನ್ನನ್ನು ಹಿಡಿಯುತ್ತೆ ಅನ್ನೋ ನಂಬಿಕೆ ಬೇಕು. ಆ ಕೈ ತಳ್ಳುತ್ತೋ ಏನೋ ಅಂತ ಹೆದರುತ್ತಾ ಹಾರಿದರೆ ಅದು ಸರ್ಕಸ್ಸೇ ಅಲ್ಲ. ಪದಕಕ್ಕೋಸ್ಕರ ಅದನ್ನು ಒಪ್ಪಿಕೊಳ್ಳಬೇಕಿತ್ತಾ? ಬಿಟ್ಟು ಬಂದದ್ದಕ್ಕೆ ಅವಳು ತೆತ್ತ ಬೆಲೆಯೂ ಸಣ್ಣದಲ್ಲ. ತಾನು ದೇವರಂತೆ ಕಂಡ ಲೈಲಾಗೇ ಅವಳ ಮೇಲೆ ಬೇಸರ ಬಂತು. ಸೋರಾ ಜಪಾನಿಗೆ ವಾಪಸ್ ಹೋಗಿ, ಮತ್ತೆ ತಳದಿಂದ ಶುರುಮಾಡಬೇಕಾಯಿತು.

ಕೊನೆಗೆ ಲೈಲಾ ತಾನೇ ಬಂದು ಕೆಲೈಡೋ ಸ್ಟೇಜ್‌ನ 'ಸ್ವಾನ್ ಲೇಕ್' ಪ್ರದರ್ಶನದ ಪಾತ್ರಕ್ಕಾಗಿ ಸೋರಾಳ ಎದುರು ನಿಲ್ಲುತ್ತಾಳಲ್ಲ, ಅದು ನನಗೆ ಇನ್ನೂ ಇಷ್ಟ. ಜಗಳ ಬೇಡ ಅಂದವಳ ಮುಂದೆಯೇ ಎಲ್ಲಕ್ಕಿಂತ ದೊಡ್ಡ ಪೈಪೋಟಿ! ಆದರೆ ಆ ಪೈಪೋಟಿಯಲ್ಲಿ ಯಾರೂ ಯಾರನ್ನೂ ಬೀಳಿಸಲ್ಲ. ನೀನು ಎಷ್ಟು ಎತ್ತರಕ್ಕೆ ಹೋಗಬಲ್ಲೆ ಅಂತ ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಹಾರಿ ತೋರಿಸುತ್ತಾಳೆ.

ಮಕ್ಕಳಿರುವ ಸ್ನೇಹಿತರೇ, ರಜೆಯಲ್ಲಿ ಜೊತೆಗೆ ಕೂತು ನೋಡಿ. ನಡುನಡುವೆ ಅವರು ಕೇಳೋ ಪ್ರಶ್ನೆಗಳಿಗೆ ನಿಲ್ಲಿಸಿ ನಿಲ್ಲಿಸಿ ಉತ್ತರ ಕೊಡಿ. ನಮ್ಮ ಮನೆಯಲ್ಲಿ ಈ ಭಾನುವಾರ 26ನೇ ಕಂತನ್ನು ಇನ್ನೊಂದು ಸಲ ಹಾಕಬೇಕಂತೆ.