ಹೊಡೆದಾಡದವರ ಕತ್ತಿ

ಜರ್ಮನಿಯ ಕ್ಯಾಥೊಲಿಕ್ ವಿದ್ಯಾರ್ಥಿ ಸಂಘಗಳ ಲಾಂಛನ ನೋಡಿದ್ದೀರಾ? ಶಿಲುಬೆ ಇರುತ್ತದೆ, ಅದು ಸರಿ. ಆದರೆ ಎಷ್ಟೋ ಲಾಂಛನಗಳಲ್ಲಿ ಕತ್ತಿಯೂ ಇರುತ್ತದೆ. ನನ್ನ ತಕರಾರು ಇರುವುದು ಅದರ ಮೇಲೆ.

ಲಾಂಛನದ ಗುರಾಣಿಯನ್ನು ಸಾಮಾನ್ಯವಾಗಿ ನಾಲ್ಕು ಮನೆ ಮಾಡಿರುತ್ತಾರೆ. ಒಂದರಲ್ಲಿ ಊರಿನ ಗುರುತು, ಒಂದರಲ್ಲಿ ಶಿಲುಬೆಯೋ ಸಂತರ ಗುರುತೋ, ಇನ್ನೊಂದರಲ್ಲಿ ಸಂಘದ ಬಣ್ಣಗಳು. ಮ್ಯೂನಿಕ್‌ನಲ್ಲಿ 1851ರಲ್ಲಿ ಶುರುವಾದ ಏನಾನಿಯಾ ಸಂಘದ್ದು ಹಸಿರು, ಬಿಳಿ, ಚಿನ್ನದ ಬಣ್ಣ. ಅದೇ ಬಣ್ಣದ ಪಟ್ಟಿಯನ್ನು ಸದಸ್ಯರು ಎದೆಗೆ ಅಡ್ಡ ಹಾಕಿಕೊಳ್ಳುತ್ತಾರೆ. ಜೊತೆಗೆ ಒಂದಕ್ಕೊಂದು ಹೆಣೆದ ಅಕ್ಷರಗಳು: ಬಾಳಲಿ, ಬೆಳೆಯಲಿ, ಅರಳಲಿ ಎಂಬ ಲ್ಯಾಟಿನ್ ಹಾರೈಕೆಯ ಮೊದಲಕ್ಷರಗಳು, ಸಂಘದ ಹೆಸರಿನ ಅಕ್ಷರ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ. ಮೇಲೆ ಶಿರಸ್ತ್ರಾಣ, ಗರಿ. ಪಕ್ಕಾ ಸರದಾರರ ಗತ್ತು!

19ನೇ ಶತಮಾನದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕತ್ತಿ ಕಾಳಗ ದೊಡ್ಡ ಪ್ರತಿಷ್ಠೆಯ ವಿಷಯವಾಗಿತ್ತು. ಕೆನ್ನೆ ಮೇಲಿನ ಗಾಯದ ಗೆರೆಯನ್ನು ಹೆಮ್ಮೆಯಿಂದ ತೋರಿಸಿಕೊಳ್ಳುತ್ತಿದ್ದರು. ಚರ್ಚ್ ಮಾತ್ರ ಇಂಥ ಕಾಳಗವನ್ನು 1563ರಲ್ಲೇ, ಟ್ರೆಂಟ್ ಊರಿನಲ್ಲಿ ನಡೆದ ಬಿಷಪ್‌ಗಳ ಮಹಾಸಭೆಯಲ್ಲಿ, ಖಂಡಿಸಿತ್ತು. 1891ರಲ್ಲಿ ಪೋಪ್ 13ನೇ ಲಿಯೋ ಜರ್ಮನಿ, ಆಸ್ಟ್ರಿಯಾದ ಬಿಷಪ್‌ಗಳಿಗೆ ಇದೇ ವಿಷಯವಾಗಿ ಪತ್ರ ಬರೆದರು. ಕ್ಯಾಥೊಲಿಕ್ ಸಂಘಗಳು ಕಾಳಗಕ್ಕೆ ಇಳಿಯಲಿಲ್ಲ. ಗೇಲಿ ಮಾಡುವವರ ನಡುವೆ ಹಾಗೆ ನಿಲ್ಲುವುದು ಸುಮ್ನೆ ಮಾತಲ್ಲ.

ಹಾಗಾದರೆ ಲಾಂಛನಕ್ಕೆ ಕತ್ತಿ ಯಾಕೆ ಬೇಕಿತ್ತು? ಸಂತ ಪೌಲರ ಹೆಸರಿದ್ದರೆ ಒಪ್ಪೋಣ, ಕತ್ತಿ ಅವರದ್ದೇ ಗುರುತು. ಉಳಿದವರದ್ದು, ನನ್ನ ಪ್ರಕಾರ, ಹೊರಗುಳಿಯುವ ಭಯ. 1870ರ ದಶಕದಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚ್ ಮೇಲೆ ಬಿದ್ದಿದ್ದ. ಕ್ಯಾಥೊಲಿಕರ ನಿಷ್ಠೆ ರೋಮ್‌ಗೆ, ದೇಶಕ್ಕಲ್ಲ ಎಂಬ ಮೂದಲಿಕೆ ಬೇರೆ. ‘ನಾವೂ ನಿಮ್ಮಂಥವರೇ’ ಎಂದು ತೋರಿಸಲು ಅದೇ ಟೋಪಿ, ಅದೇ ಪಟ್ಟಿ, ಅದೇ ಗುರಾಣಿ. ಈ ಸಂಘಗಳ ಒಕ್ಕೂಟದ ಧರ್ಮ, ವಿದ್ಯೆ, ಗೆಳೆತನ ಎಂಬ ಮೂರು ತತ್ವಗಳ ಜೊತೆಗೆ ದೇಶವೂ ಸೇರಿದ್ದು 20ನೇ ಶತಮಾನದ ಆರಂಭದಲ್ಲಿ, ಇಂಥದ್ದೇ ಒತ್ತಡದಲ್ಲಿ. ಕ್ಯಾಥೊಲಿಕರದ್ದೇ ಇನ್ನೊಂದು ಒಕ್ಕೂಟ ಬಣ್ಣ ಧರಿಸುವುದೇ ಬೇಡ ಎಂದುಕೊಂಡಿತು. ನನಗೆ ಅವರೇ ಜಾಸ್ತಿ ಇಷ್ಟ.

ಇಷ್ಟೆಲ್ಲ ಮಾಡಿಯೂ ಉಳಿಗಾಲವಿರಲಿಲ್ಲ. 1938ರಲ್ಲಿ ನಾಜಿ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಈ ಸಂಘಗಳನ್ನೆಲ್ಲ ನಿಷೇಧಿಸಿದ. ಯುದ್ಧ ಮುಗಿದ ಮೇಲೆ ಸಂಘಗಳು ಮರಳಿದವು, ಕತ್ತಿಯೂ ಮರಳಿತು. ಇವತ್ತಿಗೂ ಚರ್ಚಿನ ಮೆರವಣಿಗೆಗಳಲ್ಲಿ ಪದಾಧಿಕಾರಿಗಳು ಉದ್ದ ಬೂಟು ಹಾಕಿ, ಕತ್ತಿ ಹಿಡಿದು ನಡೆಯುತ್ತಾರೆ. ನೋಡೋಕೆ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಯಾರಾದರೂ ಹೊಸದಾಗಿ ಲಾಂಛನ ಬರೆಸುತ್ತೇವೆ ಎಂದರೆ ಆ ಜಾಗಕ್ಕೆ ಪುಸ್ತಕ ಹಾಕಿ ಅನ್ನುತ್ತೇನೆ. ವಿದ್ಯಾರ್ಥಿ ಸಂಘ ಅಲ್ವಾ?